ಸಾಂಬಾರಿನ ಕೇಸಿನಲ್ಲಿ ಐದನೇ ಸಾಕ್ಷಿ

ಪೊಲೀಸ್ ತರಬೇತಿಯಲ್ಲಿ ನನಗೆ ಓಡಲು, ಹಗ್ಗ ಹಿಡಿದು ಹತ್ತಲು, ಲಾಠಿ ಬೀಸಲು ಕಲಿಸಿದರು. ಸರ್ವೀಸಿನ ಕೊನೆಯ ಎಂಟು ವರ್ಷ ನಾನು ಮಾಡಿದ್ದು ಮಾತ್ರ ಕುರ್ಚಿಯಲ್ಲಿ ಕೂತು ಊರವರ ಫೋನುಗಳನ್ನು ಚಾರ್ಜಿಗೆ ಹಾಕುವ ಕೆಲಸ. ಚೆನ್ನೈಯ ಒಂದು ಸೈಬರ್ ಕ್ರೈಮ್ ಠಾಣೆಯಲ್ಲಿ ನಾನು ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ಹೆಸರು ವಾರಿಜಾ. ದೂರು ಕೊಡಲು ಬಂದವರ ಫೋನು ಇಸಿದುಕೊಂಡು, ಅದರಲ್ಲಿರುವ ಸಾಕ್ಷ್ಯ ಕೆಡದಂತೆ ಕಾಪಿ ಮಾಡಿಸಿ, ಫಾರಂ ತುಂಬಿ, ಸಹಿ ಹಾಕಿಸಿಕೊಳ್ಳುವುದು ನನ್ನ ಮೇಜಿನ ಕೆಲಸ.

ಈಗ ಈ ಕೆಲಸಕ್ಕೆ ಬರುವ ಹೊಸಬರಿಗೆ ಸಾಫ್ಟ್‌ವೇರ್ ಚೆನ್ನಾಗಿ ಗೊತ್ತು. ಮೇಜಿನ ಆಚೆ ಕೂತ ಮನುಷ್ಯರ ವಿಷಯ ಯಾರೂ ಹೇಳಿಕೊಡುವುದಿಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಪದಕಗಳ ಸುದ್ದಿ ಇದರಲ್ಲಿ ಇಲ್ಲ. ಪದಕ ಬರಲೂ ಇಲ್ಲ. ಒಂದು ಮೆಮೋ ಬಂತು, ಅದರ ಕಥೆ ಮುಂದೆ ಇದೆ.

ನಾನು ಆ ಮೇಜಿಗೆ ಬಂದ ಮೊದಲ ವಾರ ಒಬ್ಬ ಹಿರಿಯರು ಬಂದರು. ಯಾರೋ ಅವರಿಗೆ ಬೆದರಿಕೆ ಮೆಸೇಜು ಕಳಿಸುತ್ತಿದ್ದರು. ಫೋನನ್ನು ರೇಷ್ಮೆ ಕರ್ಚೀಫಿನಲ್ಲಿ ಸುತ್ತಿ ತಂದಿದ್ದರು. ಬಿಚ್ಚಿ ನೋಡಿದರೆ ಹೊಸದರಂತೆ ಹೊಳೆಯುತ್ತಿದೆ. ಒಳಗೆ ಒಂದು ಮೆಸೇಜೂ ಇಲ್ಲ, ಒಂದು ನಂಬರೂ ಇಲ್ಲ. "ಪೊಲೀಸರ ಕೈಗೆ ಕೊಡೋ ವಸ್ತು, ಕೊಳಕಾಗಿ ಇರಬಾರದು ಅಂತ ಅಂಗಡಿಗೆ ಕೊಟ್ಟು ಎಲ್ಲಾ ಕ್ಲೀನ್ ಮಾಡಿಸಿಬಿಟ್ಟೆ ಅಮ್ಮಾ" ಎಂದರು. ಅಂಗಡಿಯವನು ಒಳಗಿನದನ್ನೂ ಪೂರ್ತಿ ಅಳಿಸಿ ಕೊಟ್ಟಿದ್ದ. ಅವರ ಮುಖದಲ್ಲಿದ್ದ ಹೆಮ್ಮೆ ನೋಡಿ ನನಗೆ ಬೈಯಲು ಮನಸ್ಸು ಬರಲಿಲ್ಲ. (ಠಾಣೆಯಲ್ಲಿ ಎಲ್ಲರೂ ಆಡುತ್ತಿದ್ದದ್ದು ತಮಿಳು. ಇಲ್ಲಿ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ.)

ಇನ್ನೊಬ್ಬರು ಶಾಲೆಯಲ್ಲಿ ತಮಿಳು ಕಲಿಸಿ ನಿವೃತ್ತರಾದ ಮೇಡಂ. ಅವರ ಮಗಳಿಗೆ ಯಾರೋ ಅಶ್ಲೀಲ ಮೆಸೇಜು ಕಳಿಸಿದ್ದ. ಫೋನು ಕೇಳಿದರೆ, "ಅದೆಲ್ಲ ಅಳಿಸಿಬಿಟ್ಟೆ, ಆದರೆ ಎಲ್ಲಾ ಬರೆದಿಟ್ಟಿದ್ದೀನಿ" ಎಂದು ನಾಲ್ಕು ಗೆರೆಯ ನೋಟ್‌ಬುಕ್ ಕೊಟ್ಟರು. ಮುತ್ತಿನಂಥ ಅಕ್ಷರ. ಕೆಟ್ಟ ಮಾತು ಇದ್ದ ಕಡೆ ಚುಕ್ಕಿ ಇಟ್ಟಿದ್ದರು. ನಾವು ಒಬ್ಬನ ಮೇಲೆ ಸಂಶಯ ಇಟ್ಟಿದ್ದೆವು, ಅವನು ಒಂದು ಮಾತನ್ನು ಸದಾ ತಪ್ಪಾಗಿ ಬರೆಯುತ್ತಿದ್ದ. ನೋಟ್‌ಬುಕ್ಕಿನಲ್ಲಿ ಆ ತಪ್ಪು ಹುಡುಕಿದೆ, ಇಲ್ಲ. ಕೇಳಿದರೆ, "ಅಷ್ಟೊಂದು ಕಾಗುಣಿತ ತಪ್ಪಿತ್ತು, ನೋಡಿಕೊಂಡು ಸುಮ್ಮನಿರೋಕೆ ಆಗಲಿಲ್ಲ, ತಿದ್ದಿಬಿಟ್ಟೆ" ಎಂದರು.

ಆಗ ಇದ್ದ ನಮ್ಮ ಇನ್‌ಸ್ಪೆಕ್ಟರಿಗೆ ಕಾಪಿ ಎಂದರೆ ನಂಬಿಕೆಯಿಲ್ಲ. ಫೋನನ್ನೇ ಇಟ್ಟುಕೊಳ್ಳಿ ಎನ್ನುತ್ತಿದ್ದರು. ಒಂದು ಕಬ್ಬಿಣದ ಬೀರುವಿನಲ್ಲಿ ನೂರಾರು ಫೋನು ತುಂಬಿಸಿ ಬೀಗ ಹಾಕಿದ್ದರು. ಆರಿಸದೆ ಇಟ್ಟ ಫೋನುಗಳಿಗೆಲ್ಲ ಅವರವರ ಅಲಾರಂ ಇತ್ತು. ಬೆಳಿಗ್ಗೆ ಒಬ್ಬೊಬ್ಬರದೂ ಒಂದೊಂದು ಹೊತ್ತಿಗೆ ಬೀರುವಿನೊಳಗಿಂದ ಕೋಳಿ ಕೂಗುವುದು, ಮಗು ಅಳುವುದು, ನಾದಸ್ವರ ಊದುವುದು. ಒಂದು ದಿನ ಡಿಸಿಪಿ ಸಾಹೇಬರು ತಪಾಸಣೆಗೆ ಬಂದಿದ್ದಾಗ ಬೀರುವಿನೊಳಗಿಂದ ಒಬ್ಬಳು ಹೆಂಗಸು, "ರೀ, ಎದ್ದೇಳ್ರೀ, ಮಾತ್ರೆ ತಗೊಳ್ಳೋ ಟೈಮ್ ಆಯ್ತು" ಎಂದು ಗಟ್ಟಿಯಾಗಿ ತಮಿಳಿನಲ್ಲಿ ಕೂಗಿದಳು. ಆ ಬೀರು ಮಾರನೆಯ ದಿನವೇ ಖಾಲಿಯಾಯಿತು. ಕಾಪಿ ಮಾಡಿ ಫೋನು ವಾಪಸು ಕೊಡುವ ಪದ್ಧತಿ ನಮ್ಮ ಠಾಣೆಗೆ ಬಂದದ್ದು ಹೀಗೆ. ಇದನ್ನು ಯಾವ ಸುತ್ತೋಲೆಯಲ್ಲೂ ಬರೆದಿಲ್ಲ.

ನಾನು ಹೇಳಬೇಕೆಂದು ಕೂತದ್ದು ಸಾಂಬಾರಿನ ಕೇಸನ್ನು. ಅದು ನಡೆದದ್ದು ನನ್ನ ನಿವೃತ್ತಿಗೆ ಒಂದು ವರ್ಷ ಮುಂಚೆ.

ಮೈಲಾಪೂರಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಸಣ್ಣ ಸಸ್ಯಾಹಾರಿ ಹೋಟೆಲು. ನಡೆಸುವವರು ಕುಂದಾಪುರ ಕಡೆಯ ಅನಂತ ಐತಾಳರು. ಅವರ ಅಪ್ಪನ ಕಾಲದಿಂದ ಇರುವ ಹೋಟೆಲು. ಒಂದು ಬೆಳಿಗ್ಗೆ ಅವರು ಠಾಣೆಗೆ ಬಂದು ನನ್ನ ಮುಂದೆ ಕೂತರು. ನಾನು ಕನ್ನಡದವಳು ಎಂದು ಅವರಿಗೆ ಗೊತ್ತಿತ್ತು, ತಮಿಳು ಬಿಟ್ಟು ಕನ್ನಡಕ್ಕೆ ಇಳಿದರು.

"ಎಂತ ಹೇಳುದು ಅಮ್ಮ. ನಮ್ಮ ಸಾಂಬಾರಿನಲ್ಲಿ ಹಲ್ಲಿ ಬಿದ್ದಿದೆ ಅಂತ ಯಾರೋ ಮೆಸೇಜ್ ಹಾಕಿದ್ದಾರೆ. ಅಡಿಗೆಯವನೇ ಒಪ್ಪಿಕೊಂಡಿದ್ದಾನಂತೆ. ಹಲ್ಲಿ ಫೋಟೋ ಬೇರೆ. ಎರಡು ವಾರದಿಂದ ನೊಣ ಕೂಡ ಒಳಗೆ ಬರ್ತಾ ಇಲ್ಲ ಮಾರಾಯ್ರೆ."

"ಯಾರ ಮೇಲಾದರೂ ಸಂಶಯ ಇದೆಯಾ?"

"ಎದುರು ಹೋಟೆಲಿನವ. ಅವನೇ. ಬರೆದುಕೊಳ್ಳಿ."

"ನೋಡಿದವರು ಯಾರಾದರೂ?"

"ನೋಡುದೆಂತ? ನನಗೆ ಗೊತ್ತುಂಟು."

ಐತಾಳರ ಹೋಟೆಲಿನಲ್ಲಿ ಹನ್ನೊಂದು ಜನ ಕೆಲಸದವರು, ಎಲ್ಲ ಊರ ಕಡೆಯವರು. ಇನ್ನೊಂದು ತಿಂಗಳು ಹೀಗೇ ಹೋದರೆ ಅವರನ್ನೆಲ್ಲ ಬಸ್ಸು ಹತ್ತಿಸಬೇಕು ಎಂದರು. ಮೂವತ್ತು ವರ್ಷದಿಂದ ಇದ್ದ ಅಡಿಗೆ ಸುಬ್ರಾಯನಂತೂ ಊಟ ಬಿಟ್ಟಿದ್ದನಂತೆ. 'ಹಲ್ಲಿ ಬಿದ್ದಿದೆ ಅಂತ ನಾನು ಯಾವತ್ತು ಒಪ್ಪಿಕೊಂಡೆ, ಯಾರ ಹತ್ತಿರ ಹೇಳಿದೆ' ಎಂದು ಗೋಡೆಗೆ ಕೇಳುತ್ತಿದ್ದನಂತೆ.

ಆ ಮೆಸೇಜು ನಾನೂ ನೋಡಿದ್ದೆ. ಮೈಲಾಪೂರಿನಲ್ಲಿ ಅದನ್ನು ನೋಡದವರು ಯಾರು? ನನ್ನ ಮನೆಯವರು, "ಅಲ್ಲಿ ಟಿಫಿನ್ ಬೇಡ, ಕಂಡಿಪ್ಪಾ ಬೇಡ, ಖಂಡಿತ ಬೇಡ" ಎಂದು ಹೇಳಿ ಎರಡು ವಾರವಾಗಿತ್ತು.

ನಮ್ಮ ಆಗಿನ ಇನ್‌ಸ್ಪೆಕ್ಟರ್ ಅರುಳ್‌ಮಣಿ. ಒಳ್ಳೆಯ ಮನುಷ್ಯ, ಆದರೆ ಫಾರಂ ಎಂದರೆ ಪ್ರಾಣ. ಯಾವುದೇ ವಿಷಯ ಅವರಿಗೆ ಅರ್ಥವಾಗಬೇಕಾದರೆ ಅದಕ್ಕೊಂದು ಕಾಲಂ ಇರಬೇಕು. ಎದುರು ಹೋಟೆಲಿನವರನ್ನು ಕರೆಸಿ ಎರಡು ಸಲ ವಿಚಾರಿಸಿದರು. ಆ ಮನುಷ್ಯ ಬಟನ್ ಫೋನು ತೆಗೆದು ಮೇಜಿನ ಮೇಲಿಟ್ಟು, "ಇದರಲ್ಲಿ ಹಲ್ಲಿ ಫೋಟೋ ಹೇಗೆ ಕಳಿಸೋದು ಸಾರ್, ನನಗೂ ಹೇಳಿಕೊಡಿ" ಎಂದ.

ಉಳಿದ ದಾರಿ ಒಂದೇ. ಮೆಸೇಜು ಬಂದವರ ಫೋನು ನೋಡಿ, ಅವರಿಗೆ ಯಾರು ಕಳಿಸಿದರು, ಅವರಿಗೆ ಯಾರು ಕಳಿಸಿದರು ಎಂದು ಹಿಂದೆ ಹಿಂದೆ ಹೋಗುವುದು. ಹತ್ತಿದವರ ಕಾಲು ಹಿಡಿದು ಏಣಿ ಇಳಿದ ಹಾಗೆ. ನಾನು ಮತ್ತು ಹೆಡ್ ಕಾನ್‌ಸ್ಟೇಬಲ್ ತಮಿಳ್‌ಸೆಲ್ವಿ ಹೊರಟೆವು. ಕಾಪಿ ಮಾಡುವ ಯಂತ್ರ ಅವಳ ಬ್ಯಾಗಿನಲ್ಲಿ, ಫಾರಂ ನನ್ನ ಬ್ಯಾಗಿನಲ್ಲಿ.

ಮೊದಲನೇ ಸಾಕ್ಷಿ ಅಂಬತ್ತೂರಿನಲ್ಲಿ. ಅಲ್ಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಗೆ ಐತಾಳರ ಹೋಟೆಲಿನಿಂದ ದಿನಾ ಬೆಳಿಗ್ಗೆ ಅರವತ್ತು ಜನರ ಇಡ್ಲಿ ಸಾಂಬಾರು ಹೋಗುತ್ತಿತ್ತು. ಕ್ಯಾಂಟೀನ್ ಸೂಪರ್‌ವೈಸರ್ ರಾಜೇಂದ್ರನ್ ಅದನ್ನು ನಿಲ್ಲಿಸಿದ್ದರು. ಅವರು ನಮ್ಮನ್ನು ನೋಡಿ ಎದ್ದು ನಿಂತು, ಡ್ರಾಯರಿನಿಂದ ಒಂದು ಹಾಳೆ ತೆಗೆದು ಕೊಟ್ಟರು. ಮೆಸೇಜನ್ನು ಕಲರ್ ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಿದ್ದರು.

"ಸಾಕ್ಷ್ಯ ಕೆಡಬಾರದು ಅಂತ ಪೇಪರ್‌ನಲ್ಲಿ ಓದಿದ್ದೆ ಮೇಡಂ. ನೀರು ಬಿದ್ದರೂ ಏನೂ ಆಗಲ್ಲ."

"ಫೋನ್‌ನಲ್ಲಿ ಇರೋದು?"

"ಅದನ್ನ ಅಳಿಸಿಬಿಟ್ಟೆ. ಇದು ಇದೆಯಲ್ಲ!"

ಅವರಿಗೆ ಮೆಸೇಜು ಕಳಿಸಿದ್ದು ಅವರ ಹೆಂಡತಿ. ಎರಡನೇ ಸಾಕ್ಷಿಯಾದ ಆಕೆಯ ಫೋನಿನಲ್ಲಿ ಮೆಸೇಜು ಹಾಗೇ ಇತ್ತು. ಮೇಲೆ ತಮಿಳಿನಲ್ಲಿ ನಾಲ್ಕು ಸಾಲು, ಕೆಳಗೆ ಒಂದು ದಪ್ಪ ಹಲ್ಲಿಯ ಫೋಟೋ. ಹೋಟೆಲಿನ ಹೆಸರು, 'ಅಡಿಗೆಯವನೇ ಹೇಳುವುದನ್ನು ಕೇಳಿ' ಎಂಬ ಮಾತು. ಕೇಳಲು ಮಾತ್ರ ಏನೂ ಇಲ್ಲ. ತಮಿಳ್‌ಸೆಲ್ವಿ ಅದನ್ನು ಆಗಲೇ ಗಮನಿಸಿದಳು. "ಮೇಡಂ, 'ಕೇಳಿ' ಅಂತ ಬರೆದಿದ್ದಾರೆ. ಅಂದರೆ ಮೊದಲು ಇದರ ಜೊತೆ ಒಂದು ಆಡಿಯೋ ಇತ್ತು. ನಡುವೆ ಯಾರೋ ಅದನ್ನು ಬಿಟ್ಟು ಬರೀ ಬರಹ ಮತ್ತು ಫೋಟೋ ಕಳಿಸಿದ್ದಾರೆ."

"ಯಾವ ಪುಣ್ಯಾತ್ಮನೋ" ಎಂದೆ ನಾನು. ಆ ಮಾತು ಅವಳು ಇವತ್ತಿಗೂ ಮರೆತಿಲ್ಲ.

ಆಕೆಗೆ ಅದನ್ನು ಕಳಿಸಿದ ಮೂರನೇ ಸಾಕ್ಷಿ ಮಾಧವರಂನಲ್ಲಿ ಹೊಲಿಗೆ ಕ್ಲಾಸು ನಡೆಸುವ ಕಲೈವಾಣಿ. ಫೋನು ಕೊಡಲು ಸುತರಾಂ ಒಪ್ಪಲಿಲ್ಲ. ಅದರಲ್ಲಿ ಅಂಥದ್ದೇನಿದೆಯೋ ಎಂದು ನಮಗೆ ಅನುಮಾನ. ಅರ್ಧ ಗಂಟೆ ಪುಸಲಾಯಿಸಿದ ಮೇಲೆ ಹೇಳಿದಳು: ಪಕ್ಕದ ಬೀದಿಯ ಟೈಲರಿನ ಬ್ಲೌಸ್ ಡಿಸೈನುಗಳನ್ನು ಗಿರಾಕಿಗಳ ಬೆನ್ನ ಹಿಂದೆ ನಿಂತು ಫೋಟೋ ತೆಗೆದಿದ್ದಳಂತೆ, ಎಲ್ಲಾ ಬರೀ ಬೆನ್ನುಗಳ ಫೋಟೋ. "ಅದಕ್ಕೂ ಕೇಸ್ ಹಾಕ್ತೀರಾ ಮೇಡಂ?" ಹಾಕುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಫೋನು ಕೈಗೆ ಬಂತು.

"ಈ ಮೆಸೇಜು ನಿಜ ಅಂತ ಹೇಗೆ ನಂಬಿದಿರಿ?" ಎಂದು ನಾನು ಸ್ವಲ್ಪ ಬಿರುಸಾಗಿಯೇ ಕೇಳಿದೆ. "ನೋಡದೆ ಕೇಳದೆ ಹತ್ತು ಜನಕ್ಕೆ ಕಳಿಸ್ತೀರಲ್ಲ, ಒಬ್ಬರ ಹೋಟೆಲು ಮುಚ್ಚಿಹೋಗುತ್ತೆ ಅಂತ ಯೋಚನೆ ಬೇಡವಾ?"

"ನನಗೇನು ತಲೆ ಕೆಟ್ಟಿದೆಯಾ ಮೇಡಂ, ಸಿಕ್ಕಿದ್ದೆಲ್ಲ ನಂಬೋಕೆ? ಇದು ಕಳಿಸಿದ್ದು ನಮ್ಮ ಕಾಲೋನಿಯ ಸುಮತಿ. ಅವರ ಅಣ್ಣನ ಹೆಂಡತಿ ಪೊಲೀಸು. ಅದೂ ಸೈಬರ್ ಪೊಲೀಸು. ಪೊಲೀಸ್ ಮನೆಯಿಂದ ಬಂದದ್ದು ಸುಳ್ಳಾಗುತ್ತಾ?"

ತಮಿಳ್‌ಸೆಲ್ವಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡುತ್ತಿದ್ದೆ.

ನಾಲ್ಕನೇ ಸಾಕ್ಷಿ ಸುಮತಿ ನನ್ನ ನಾದಿನಿ. ಅವಳ ಮನೆಗೆ ಹೋದಾಗ ಬಾಗಿಲಲ್ಲೇ ಖುಷಿಯಾಗಿ, "ವಾಂಗೋ, ಬನ್ನಿ ಅತ್ತಿಗೆ! ಯೂನಿಫಾರ್ಮ್‌ನಲ್ಲೇ ಬಂದುಬಿಟ್ಟೀರಾ? ಕಾಫಿ ಹಾಕ್ಲಾ?" ಎಂದಳು.

"ಸುಮತಿ, ಆ ಹಲ್ಲಿ ಮೆಸೇಜು ನಿನಗೆ ಯಾರು ಕಳಿಸಿದ್ದು?"

ಅವಳು ನಕ್ಕಳು. "ಏನು ಅತ್ತಿಗೆ ಹಾಸ್ಯ ಮಾಡ್ತೀರಾ? ನೀವು ತಾನೇ ಕಳ್ಸಿದ್ದು. 'ಅಲ್ಲಿ ತಿನ್ಬೇಡಿ' ಅಂತ ಕೆಳಗೆ ಬೇರೆ ಬರೆದಿದ್ದೀರ. ಇರಿ, ತೋರಿಸ್ತೀನಿ."

ತೋರಿಸಿದಳು. ನನ್ನ ಹೆಸರು, ನನ್ನ ಫೋಟೋ. ಯೂನಿಫಾರ್ಮ್ ಹಾಕಿದ ಫೋಟೋವೇ. ಕೆಳಗೆ ಹಲ್ಲಿ.

ನಂಬುವುದಾದರೆ ನಂಬಿ, ಕಳಿಸಿದ್ದು ನನಗೆ ಸ್ವಲ್ಪವೂ ನೆನಪಿರಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವಾಗ ಇಂಥ ಹತ್ತು ಮೆಸೇಜು ಬರುತ್ತವೆ, ಎರಡು ಕಳಿಸುತ್ತೇವೆ, ಮರೆಯುತ್ತೇವೆ. ಕಿವಿ ತುರಿಸಿಕೊಂಡದ್ದನ್ನು ಯಾರು ನೆನಪಿಡುತ್ತಾರೆ? ಕಣ್ಣಾರೆ ನೋಡಿದ ಮೇಲೆ ನೆನಪಾಯಿತು, ಅವತ್ತು ಬಸ್ಸಿನಲ್ಲಿ ಗದ್ದಲವಿತ್ತು. ಆಡಿಯೋ ಕೇಳಲು ಬೇಜಾರಾಗಿ, ಬರಹವನ್ನೂ ಫೋಟೋವನ್ನೂ ಮಾತ್ರ ಒತ್ತಿ ಕಳಿಸಿದ್ದೆ. ಆ ಪುಣ್ಯಾತ್ಮ ನಾನೇ.

ಸುಮತಿ ಕೊಟ್ಟ ಕಾಫಿಯನ್ನು ನಾನು ಪಕ್ಕಕ್ಕೆ ಸರಿಸಿದೆ. ತಮಿಳ್‌ಸೆಲ್ವಿ ಎರಡು ಲೋಟ ಕುಡಿದಳು. ವಾಪಸು ಬರುವಾಗ ಜೀಪಿನಲ್ಲಿ ಅವಳು ಕಿಟಕಿಯ ಆಚೆ ನೋಡುತ್ತ, "ಮೇಡಂ, ಇನ್‌ಸ್ಪೆಕ್ಟರ್‌ಗೆ ಹೇಳಲೇಬೇಕಾ?" ಎಂದಳು. ಹೇಳದೆ ಇರಬಹುದಿತ್ತು. ಸುಮತಿಯ ಫೋನಿನಲ್ಲಿ ಸಿಗಲಿಲ್ಲ ಎಂದು ಬರೆದು ಫೈಲು ಮುಚ್ಚಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿವೃತ್ತಿಗೆ ಒಂದು ವರ್ಷ. ಮಾಧವರಂ ಸೇತುವೆಯಿಂದ ಠಾಣೆಯವರೆಗೂ ನಾನು ಅದನ್ನೇ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ಊಟ ಬಿಟ್ಟು ಗೋಡೆಯ ಹತ್ತಿರ ಮಾತಾಡುವ ಸುಬ್ರಾಯನ ವಿಷಯ ಐತಾಳರು ಹೇಳಿದ್ದು ತಲೆಯಿಂದ ಹೋಗಲಿಲ್ಲ. ಅವನನ್ನು ನಾನು ನೋಡಿಯೂ ಇರಲಿಲ್ಲ.

ಅರುಳ್‌ಮಣಿ ಸಾಹೇಬರು ಪೂರ್ತಿ ಕೇಳಿದರು. ಬೈಯಲಿಲ್ಲ. ಒಂದು ಹೊಸ ಫಾರಂ ತೆಗೆದರು.

"ಆ ಕಡೆ ಕೂತ್ಕೊಳ್ಳಿ ಮೇಡಂ."

ಏಳು ವರ್ಷದಲ್ಲಿ ಮೊದಲ ಸಲ ನಾನು ನನ್ನ ಮೇಜಿನ ಆಚೆ ಕೂತೆ. ಆ ಕುರ್ಚಿಯ ಒಂದು ಕಾಲು ಗಿಡ್ಡ, ಕೂತರೆ ಅಲ್ಲಾಡುತ್ತದೆ ಎಂದು ಅವತ್ತು ಗೊತ್ತಾಯಿತು.

"ಹೆಸರು?"

"ಸಾರ್, ನಿಮಗೆ ಗೊತ್ತಲ್ಲ."

"ಕಾಲಂ ಇದೆ ಮೇಡಂ."

"ವಾರಿಜಾ."

"ವೃತ್ತಿ?"

ನಾನು ನನ್ನ ಭುಜದ ಮೇಲಿನ ನಕ್ಷತ್ರ ನೋಡಿಕೊಂಡೆ. ಅವರೇ ಬರೆದುಕೊಂಡರು.

"ಕೇಳದೆ ಏಕೆ ಕಳಿಸಿದಿರಿ?"

"ಬಸ್ಸಿನಲ್ಲಿದ್ದೆ ಸಾರ್."

"ಬಸ್ ನಂಬರ್?"

ಅದನ್ನೂ ಹೇಳಿದೆ. ಐದನೇ ಸಾಕ್ಷಿ ಎಂದು ಮೇಲೆ ದಪ್ಪಗೆ ಬರೆದರು. ಆಮೇಲೆ ಫೋನಿನ ಪಾಸ್‌ವರ್ಡ್ ಕೇಳಿದರು. ದಿನಕ್ಕೆ ಇಪ್ಪತ್ತು ಜನಕ್ಕೆ ನಾನು ಭಾಷಣ ಮಾಡುತ್ತಿದ್ದೆ: ಹುಟ್ಟಿದ ದಿನ ಇಡಬೇಡಿ, ಸುಲಭದ ಅಂಕೆ ಇಡಬೇಡಿ, ಅಕ್ಷರ ಅಂಕೆ ಎರಡೂ ಸೇರಿಸಿ ಎಂದು. ಇಡೀ ಠಾಣೆ ಕಿವಿ ನಿಮಿರಿಸಿ ನಿಂತಿತ್ತು.

"ಒಂದರಿಂದ ಆರು ಸಾರ್."

"ಒಂದರಿಂದ ಆರು ಅಂದರೆ?"

"ವರಸೆಯಾಗಿ."

ಮೆಸೇಜು ನನಗೆ ಬಂದದ್ದು ನಮ್ಮ ಫ್ಲ್ಯಾಟಿನವರ ಗ್ರೂಪಿನಿಂದ ಎಂದು ನಾದಿನಿಯ ಮನೆಯಲ್ಲೇ ಊಹಿಸಿದ್ದೆ. ಆದರೆ ಫೋನು ಭಾರವಾಗುತ್ತದೆಂದು ವಾರಕ್ಕೊಮ್ಮೆ ಆ ಗ್ರೂಪನ್ನು ಖಾಲಿ ಮಾಡುವ ಅಭ್ಯಾಸ ನನಗೆ. ಮೆಸೇಜು ಇರಲಿಲ್ಲ. ಅಷ್ಟಕ್ಕೇ ಮುಗಿಯಿತು ಎಂದುಕೊಂಡೆ. ತಮಿಳ್‌ಸೆಲ್ವಿ ಮಾತ್ರ ಫೋನಿನ ಒಳಗಿನ ಫೋಲ್ಡರುಗಳನ್ನು ಒಂದೊಂದಾಗಿ ತೆರೆದಳು. ಹೊಸಬರು ಇದನ್ನು ನೆನಪಿಡಿ: ಮಾತುಕತೆ ಖಾಲಿ ಮಾಡಿದರೂ ಅದರ ಜೊತೆ ಬಂದ ಧ್ವನಿ, ಫೋಟೋ ಎಷ್ಟೋ ಸಲ ಫೋನಿನ ಮೂಲೆಯಲ್ಲಿ ಬಿದ್ದಿರುತ್ತವೆ. ಸಿಕ್ಕಿತು. ಒಂಬತ್ತು ಸೆಕೆಂಡಿನ ಆಡಿಯೋ. ಅದರ ಹ್ಯಾಶ್ ತೆಗೆದಳು. ಹ್ಯಾಶ್ ಎಂದರೆ ಒಂದು ಉದ್ದ ಸಂಖ್ಯೆ, ಫೈಲಿನ ಬೆರಳಚ್ಚು ಇದ್ದ ಹಾಗೆ. ಒಳಗೆ ಚೂರು ಬದಲಾದರೂ ಅದು ಬದಲಾಗುತ್ತದೆ. ಸಂಖ್ಯೆ ಬರೆದುಕೊಂಡು, ಕಾಪಿ ಮಾಡಿ, ಆಮೇಲೆ ಹಾಕಿದಳು.

ಪಾತ್ರೆಗಳ ಸದ್ದು, ಒಗ್ಗರಣೆಯ ಚುರ್ ಸದ್ದು. ನಡುವೆ ಒಬ್ಬ ಗಂಡಸು ಗಾಬರಿಯಲ್ಲಿ ಏನೋ ಹೇಳುತ್ತಾನೆ. "...ಸಾಂಬಾರಿಗ್... ಪಲ್ಲ್... ಯಾರಿಗೂ..."

ಅರುಳ್‌ಮಣಿ ಮೇಜು ಗುದ್ದಿದರು. "ಪಲ್ಲಿ! ಸ್ಪಷ್ಟವಾಗಿ ಹೇಳ್ತಿದ್ದಾನೆ. ಸಾಂಬಾರಿನಲ್ಲಿ ಪಲ್ಲಿ, ಯಾರಿಗೂ ಹೇಳಬೇಡಿ ಅಂತ. ದೂರು ಕೊಟ್ಟವರೇ ಕಳ್ಳರು ಮೇಡಂ! ಜೀಪು ತೆಗೆಯೋಕೆ ಹೇಳಿ." ತಮಿಳಿನಲ್ಲಿ ಪಲ್ಲಿ ಎಂದರೆ ಹಲ್ಲಿ.

ನಾನು, "ಇನ್ನೊಂದು ಸಲ ಹಾಕಿ" ಎಂದೆ. ನಮ್ಮ ಮನೆಯ ಕನ್ನಡ ಬೇರೆ, ಕುಂದಾಪುರದ ಕನ್ನಡ ಬೇರೆ. ಎರಡನೇ ಸಲವೂ ಪೂರ್ತಿ ತಿಳಿಯಲಿಲ್ಲ. ಮೂರನೇ ಸಲ ಕಣ್ಣು ಮುಚ್ಚಿ ಕೇಳಿದೆ.

"ಅಣ್ಣಾ, ಸಾಂಬಾರಿಗ್ ಪಲ್ಯ ಬಿತ್ತ್. ಇಡೀ ಬೋಗುಣಿ ಮಗುಚಿ ಬಿತ್ತ್. ಸೌಟ್ ಹಾಕಿ ತಿರ್ಸಿ ಬಿಟ್ಟೆ. ಯಾರಿಗೂ ಗೊತ್ತಾತ್ತಿಲ್ಲೆ. ನೀವ್ ಬೈಬೇಡಿ."

ನನಗೆ ನಗು ಉಕ್ಕಿತು. ತಡೆಯಲು ಹೋಗಿ ಕಣ್ಣಲ್ಲಿ ನೀರು ಬಂತು. ಇನ್‌ಸ್ಪೆಕ್ಟರು ನನಗೆ ಆಘಾತವಾಗಿದೆ ಎಂದುಕೊಂಡು ನೀರು ತರಿಸಿದರು.

"ಸಾರ್, ಅದು ಪಲ್ಲಿ ಅಲ್ಲ. ಪಲ್ಯ."

"ಪಲ್ಯಾ ಅಂದರೆ?"

"ಪೊರಿಯಲ್ ಸಾರ್! ಪೊರಿಯಲ್ ಮಾಡಿಟ್ಟ ಪಾತ್ರೆ ಸಾಂಬಾರಿಗೆ ಮಗುಚಿ ಬಿದ್ದಿದೆ. ಯಜಮಾನರು ಬೈತಾರೆ ಅಂತ ಹೆದರಿಕೊಂಡು ಹೇಳ್ತಿದ್ದಾನೆ."

ಅವರು ಒಪ್ಪಲಿಲ್ಲ. "ನೀವು ಐದನೇ ಸಾಕ್ಷಿ. ಜೊತೆಗೆ ಕನ್ನಡದವರು. ಪಕ್ಷಪಾತ ಇರಬಹುದು."

"ಸಾರ್, ಅವನೂ ಕನ್ನಡದವನೇ ಅಲ್ಲವಾ? ನಮ್ಮಲ್ಲಿ ಪಲ್ಲಿಗೆ ಹಲ್ಲಿ ಅಂತಾರೆ. ನಿಜವಾಗಿ ಹಲ್ಲಿ ಬಿದ್ದಿದ್ದರೆ ಅವನು ಹಲ್ಲಿ ಅಂತಿದ್ದ. ಪಲ್ಲಿ ಅಂತ ಯಾಕೆ ಅಂತಾನೆ?"

ಅವರು ಪೆನ್ನು ಕೆಳಗಿಟ್ಟರು. ಕೊನೆಗೆ ಒಂದು ಕಾಲೇಜಿನ ಕನ್ನಡ ಅಧ್ಯಾಪಕರನ್ನು ಕರೆಸಿದರು. ಆತ ಧಾರವಾಡ ಕಡೆಯವರು. ಆಡಿಯೋ ಕೇಳಿ, "ಇದರಾಗ ಏನೈತ್ರಿ ತಿಳೀಲಾರದ್ದು, ಪಲ್ಯ ಬಿದ್ದೈತಿ" ಎಂದು ಹೇಳಿ, ಸಹಿ ಮಾಡಿ, ಮೊಹರು ಹಾಕಿ ಸರ್ಟಿಫಿಕೇಟು ಕೊಟ್ಟರು: 'ಪಲ್ಯ ಎಂದರೆ ಬೇಯಿಸಿ ಒಗ್ಗರಣೆ ಹಾಕಿದ ತರಕಾರಿ. ಅದು ಪ್ರಾಣಿಯಲ್ಲ.'

ನೆರೆಯವರ ಫೋನಿನಲ್ಲಿ ನಮ್ಮ ಫ್ಲ್ಯಾಟಿನ ಗ್ರೂಪು ನೋಡಿದಾಗ ಸಿಕ್ಕ ಆರನೇ ಸಾಕ್ಷಿ ನಮ್ಮ ಮೇಲಿನ ಮನೆಯ ರಂಗನಾಥನ್ ಮಾಮ. ಬ್ಯಾಂಕಿನಿಂದ ನಿವೃತ್ತರು, ಐತಾಳರ ಹೋಟೆಲಿನ ನಲವತ್ತು ವರ್ಷದ ಗಿರಾಕಿ. ಹೋಟೆಲಿನವರು ಖಾಯಂ ಗಿರಾಕಿಗಳಿಗೆ ಆ ದಿನದ ತಿಂಡಿ ಏನೆಂದು ಹೇಳಲು ಒಂದು ಗ್ರೂಪು ಮಾಡಿದ್ದರು. ಅಡಿಗೆಮನೆಯ ಫೋನಿನಿಂದ ಸುಬ್ರಾಯನೇ ಹಾಕುತ್ತಿದ್ದ. ಅವತ್ತು ಐತಾಳರು ಮದುವೆಗೆಂದು ಹೊರಗೆ ಹೋಗಿದ್ದರು. ಸುಬ್ರಾಯ ಅವರಿಗೆ ಕಳಿಸಬೇಕಾದ್ದನ್ನು ಗಡಿಬಿಡಿಯಲ್ಲಿ ಗಿರಾಕಿಗಳ ಗ್ರೂಪಿಗೆ ಕಳಿಸಿ, ಎರಡು ನಿಮಿಷದಲ್ಲಿ ಅಳಿಸಿದ್ದ. ಆ ಎರಡು ನಿಮಿಷದಲ್ಲಿ ಮಾಮ ಕೇಳಿದ್ದರು, ಫೋನಿನಲ್ಲಿ ಉಳಿಸಿಯೂ ಇಟ್ಟಿದ್ದರು.

"ಸಾಂಬಾರ್ ಅಂದ, ಪಲ್ಲಿ ಅಂದ, ಯಾರಿಗೂ ಅಂದ. ನಮ್ಮ ತಮಿಳಿನಲ್ಲೂ ಯಾರುಕ್ಕುಂ ಅಂತ ತಾನೇ ಅಮ್ಮಾ? ಬೇಡಿ ಅಂತ ಬೇರೆ ಅಂದ. ಮಾಡಿದ್ದನ್ನೂ ಮಾಡಿ ಅಳಿಸಿಬಿಟ್ಟ. ಇನ್ನೇನು ಬೇಕು?" ಎಂದರು ಮಾಮ. "ನಾಲ್ವತ್ತು ವರ್ಷದಿಂದ ಹಲ್ಲಿ ತಿಂದಿದ್ದೀನಾ ಅಂತ ಅವತ್ತು ಊಟ ಸೇರಲಿಲ್ಲ. ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಬರೆದೆ. ಫೋಟೋ ಇದ್ದರೆ ಜನಕ್ಕೆ ಚೆನ್ನಾಗಿ ಅರ್ಥವಾಗುತ್ತೆ ಅಂತ ನೆಟ್‌ನಲ್ಲಿ ಹುಡುಕಿ ಹಾಕಿದೆ."

ಪಲ್ಯ ಎಂದರೆ ಏನೆಂದು ನಾನು ಹೇಳಿದಾಗ ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಬೈಸಿಕೊಳ್ಳಲು ಕಾದಿದ್ದವರ ಹಾಗೆ ನನ್ನ ಎದುರು ಕೂತರು. ಬೈಯಲು ನನಗೆ ಬಾಯಿ ಎಲ್ಲಿತ್ತು?

ಸುಬ್ರಾಯನನ್ನು ಠಾಣೆಗೆ ಕರೆಸಿ ಆಡಿಯೋ ಕೇಳಿಸಲೇಬೇಕಾಗಿತ್ತು, ಧ್ವನಿ ಅವನದೇ ಎಂದು ಗುರುತಿಸಲು. ಸಣಕಲು ಮನುಷ್ಯ, ಬಿಳಿ ಪಂಚೆ, ಕೈಯಲ್ಲಿ ಒಂದು ಚೀಲ. ಜೈಲಿಗೆ ಹಾಕಿದರೆ ಬೇಕಾಗಬಹುದು ಎಂದು ಬಟ್ಟೆ ತುಂಬಿಕೊಂಡು ಬಂದಿದ್ದ. ತನ್ನ ಧ್ವನಿ ಕೇಳಿ ಮೊದಲು ಬೆಪ್ಪಾದ. ಆಮೇಲೆ ಐತಾಳರ ಕಡೆ ನೋಡಿದ. ಐತಾಳರು ಅವನ ಕಡೆ ನೋಡಿದರು.

"ಹೌದಲ್ದಾ ಅಣ್ಣಾ! ಅವತ್ತ್ ಪಲ್ಯ ಬಿದ್ದದ್ದ್! ನೀವ್ ಬಂದ ಮೇಲೆ ನಾನೇ ಹೇಳಿದ್ದಲ್ದಾ?"

"ಹೇಳಿದ್ದೆ ಮಾರಾಯ. ನಾನು ಬೈದದ್ದೂ ಹೌದು. ಅದಕ್ಕೂ ಇದಕ್ಕೂ ಎಂತ ಸಂಬಂಧ ಅಂತ ಯಾರಿಗೆ ಗೊತ್ತು?"

ಸುಬ್ರಾಯ ನಕ್ಕ. ನಗುತ್ತ ನಗುತ್ತಲೇ ಪಂಚೆಯ ಅಂಚಿನಿಂದ ಕಣ್ಣು ಒತ್ತಿಕೊಂಡು, "ನಂಗೆ ತಲೆ ಕೆಟ್ಟಿತೋ ಏನೋ ಅಂದ್ಕಂಡಿದ್ದೆ ಅಮ್ಮ. ಹಲ್ಲಿ ಬಿದ್ದದ್ದ್ ನಾನೇ ಮರ್ತ್ ಹೋದ್ನಾ ಅಂದೇಳಿ" ಎಂದ. ಯಾರ ಮುಖವನ್ನೂ ನೋಡಲು ನನಗೆ ಆಗಲಿಲ್ಲ. ಕಳಿಸಿದವರಲ್ಲಿ ನಾನೂ ಒಬ್ಬಳು ಎಂದು ಅವನಿಗೆ ಅಲ್ಲೇ ಹೇಳಿದೆ. ಅವನು ಗಾಬರಿಯಾಗಿ, "ಇರ್ಲಿ ಬಿಡಿ ಅಮ್ಮ, ನಿಮ್ಗೂ ಕೆಲ್ಸದ್ ಗಡಿಬಿಡಿ" ಎಂದು ನನಗೇ ಸಮಾಧಾನ ಹೇಳಿದ.

ಐತಾಳರು ದೂರು ಮುಂದುವರಿಸಲಿಲ್ಲ. ಎದುರು ಹೋಟೆಲಿಗೆ ಹೋಗಿ ತಪ್ಪಾಯಿತು ಎಂದು ಹೇಳಿ, ಅಲ್ಲಿಯ ಕಾಫಿ ಕುಡಿದು ಬಂದರು. ಇನ್ನು ಹೀಗೆ ಮಾಡುವುದಿಲ್ಲ ಎಂದು ಮಾಮನಿಂದ ಬರೆಸಿಕೊಂಡು ಅರುಳ್‌ಮಣಿ ಸಾಹೇಬರು ಎಚ್ಚರಿಕೆ ಕೊಟ್ಟು ಕಳಿಸಿದರು. ನನಗೆ ಮೆಮೋ ಬಂತು. ಉತ್ತರ ಬರೆಯುವಾಗ 'ಬಸ್ಸಿನಲ್ಲಿದ್ದೆ' ಎಂಬುದನ್ನು ಬಿಟ್ಟು ಬೇರೇನೂ ತೋಚಲಿಲ್ಲ. ಅದನ್ನೇ ಬರೆದೆ.

ಕೇಸು ಮುಗಿಯಿತು, ಹೋಟೆಲು ಮಾತ್ರ ಖಾಲಿಯೇ ಇತ್ತು. ಸಾಂಬಾರಿಗೆ ಹಲ್ಲಿ ಬಿದ್ದಿಲ್ಲ, ಪಲ್ಯ ಬಿದ್ದಿದೆ ಎಂದು ಸ್ಪಷ್ಟನೆ ಬರೆದು ಎಲ್ಲ ಗ್ರೂಪುಗಳಿಗೆ ಹಾಕಿದೆವು. ಇಬ್ಬರು ಕೈ ಮುಗಿಯುವ ಚಿತ್ರ ಹಾಕಿದರು, ಒಬ್ಬರು ಶುಭೋದಯ ಹೇಳಿದರು. ಮುಂದಕ್ಕೆ ಯಾರೂ ಕಳಿಸಲಿಲ್ಲ. ಒಂದು ಭಾನುವಾರ ರಂಗನಾಥನ್ ಮಾಮ ಛತ್ರಿ ಹಿಡಿದು ನಮ್ಮ ಬಾಗಿಲಿಗೆ ಬಂದರು. "ಬರೆದರೆ ಆಗಲ್ಲ ಅಮ್ಮಾ. ಹೋಗಿ ಹೇಳಿ ಬರೋಣ. ಯಾರಾರು ಅಂತ ನಿನ್ನ ಹತ್ತಿರ ಪಟ್ಟಿ ಇದೆಯಲ್ಲ."

ಸರ್ಕಾರಿ ಫೈಲಿನ ಪಟ್ಟಿ ಕೊಡುವಂತಿಲ್ಲ. ಆದರೆ ದಾರಿ ನನಗೆ ಬಾಯಿಪಾಠವಾಗಿತ್ತು. ಇಬ್ಬರೂ ಬಸ್ಸು ಹತ್ತಿದೆವು. ಸುಮತಿಯ ಮನೆಯಲ್ಲಿ ಮಾಮ ಅವಳ ನೆರೆಯವರನ್ನೆಲ್ಲ ಸೇರಿಸಿ, ಎದ್ದು ನಿಂತು, ಪಲ್ಯ ಎಂದರೆ ಪೊರಿಯಲ್ ಎಂದು ಪಾಠ ಮಾಡಿದರು. ಹೊಲಿಗೆ ಕ್ಲಾಸಿನಲ್ಲಿ ಹದಿನೈದು ಹೆಂಗಸರು ಮಿಷನ್ ನಿಲ್ಲಿಸಿ ಕೇಳಿದರು. ರಜೆ ಹಾಕಿ ಮಾರನೆಯ ದಿನ ಅಂಬತ್ತೂರಿಗೆ ಹೋದೆವು. ತಿಂಡಿಯ ಹೊತ್ತಿಗೆ ಕ್ಯಾಂಟೀನಿನಲ್ಲಿ ಎಲ್ಲರೂ ಇದ್ದರು. ಮಾಮ, "ತಪ್ಪು ನನ್ನದು, ನನಗೆ ಕನ್ನಡ ಬರಲ್ಲ" ಎಂದು ಶುರು ಮಾಡಿದರು. ನಾನು ಯೂನಿಫಾರ್ಮ್ ಇಲ್ಲದೆ ಪಕ್ಕದಲ್ಲಿ ನಿಂತು, "ತಪ್ಪು ನನ್ನದೂ, ನನಗೆ ಕನ್ನಡ ಬರುತ್ತೆ" ಎಂದೆ. ಜನ ನಕ್ಕರು.

ಸೂಪರ್‌ವೈಸರ್ ರಾಜೇಂದ್ರನ್ ಮಾತ್ರ ನಗಲಿಲ್ಲ. ಕೈ ಕಟ್ಟಿಕೊಂಡು, "ಅದೆಲ್ಲ ಸರಿ. ಯಾವ ಪೊರಿಯಲ್ ಬಿದ್ದದ್ದು?" ಎಂದರು.

ಇಷ್ಟು ದಿನ ತನಿಖೆ ಮಾಡಿ ಅದನ್ನು ನಾವು ಯಾರೂ ಕೇಳಿರಲಿಲ್ಲ. ಅರುಳ್‌ಮಣಿ ಸಾಹೇಬರ ಫಾರಂನಲ್ಲೂ ಆ ಕಾಲಂ ಇರಲಿಲ್ಲ. ಹೋಟೆಲಿಗೆ ಫೋನು ಮಾಡಿ, ಎಲ್ಲರಿಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿದೆ. ಸುಬ್ರಾಯನೇ ಎತ್ತಿದ. ನನ್ನ ಧ್ವನಿ ಕೇಳಿ ಮತ್ತೆ ಪೊಲೀಸರ ಕರೆ ಎಂದು ಗಾಬರಿಯಾದ.

"ಸುಬ್ರಾಯ, ಅವತ್ತು ಯಾವ ಪಲ್ಯ ಬಿದ್ದದ್ದು?"

"ಬೀನ್ಸ್ ಅಮ್ಮ." ಆಮೇಲೆ ದನಿ ತಗ್ಗಿಸಿ, "ಉಪ್ಪ್ ಒಂಚೂರ್ ಕಮ್ಮಿ ಆಗಿತ್ತ್. ಅದನ್ನ್ ಅಣ್ಣನ ಹತ್ರ ಹೇಳ್ಳಿಲ್ಲೆ" ಎಂದ.

ನಾನು ತಮಿಳಿನಲ್ಲಿ ಹೇಳಿದೆ. ರಾಜೇಂದ್ರನ್ ಕ್ಯಾಂಟೀನಿನಲ್ಲಿ ಕೂತವರ ಕಡೆ ತಿರುಗಿ ನೋಡಿದರು. ಒಬ್ಬ ತಲೆ ಆಡಿಸಿದ, ಇನ್ನೊಬ್ಬ ಆಡಿಸಿದ. ಅವರು ಫೋನಿನ ಹತ್ತಿರ ಬಗ್ಗಿ, ತಮಿಳಿನಲ್ಲೇ, "ನಾಳೆಯಿಂದ ಅರವತ್ತು ಜನಕ್ಕೆ ಮಾಮೂಲಿಯಾಗಿ ಕಳಿಸಿ" ಎಂದರು.

ಆ ಕಡೆ ಒಗ್ಗರಣೆ ಚುರ್ ಎಂದಿತು. ಆಮೇಲೆ ಸುಬ್ರಾಯ ಮೂಗು ಎಳೆದುಕೊಂಡು ನನಗೆ ಹೇಳಿದ:

"ಆಯ್ತ್ ಅಂತ ಹೇಳಿ ಅಮ್ಮ. ಸಾಂಬಾರ್ ಮುಚ್ಚಳ ಹಾಕಿಯೇ ಕಳ್ಸ್ತೆ."